ದುಂಡು ಮೊಹರು

ಬೇಸಗೆ ರಜೆ ಶುರುವಾಗಿ ಐದನೆಯ ದಿನ, ಸೋಮವಾರ, ಬೆಳಗಿನ ಆರೂವರೆ ಗಂಟೆ. ಬಿಸಿಲು ಇನ್ನೂ ಎದುರು ಮನೆಯ ತಾರಸಿ ಬಿಟ್ಟು ಕೆಳಗಿಳಿದಿರಲಿಲ್ಲ. ಹಾಸಿಗೆಯಲ್ಲಿ ಎದ್ದು ಕೂತ ಪುಟ್ಟಿ ಬಲಗಿವಿಯನ್ನು ಅಂಗೈಯಿಂದ ಮುಚ್ಚಿಕೊಂಡು ಅಳುವುದಕ್ಕೆ ಶುರುಮಾಡಿದಳು. ಹಣೆ ಮುಟ್ಟಿ ನೋಡಿದರೆ ಕಾದ ಹಂಚಿನ ಹಾಗೆ ಸುಡುತ್ತಿತ್ತು.

ತಮ್ಮ ಊರಾಗಿದ್ದರೆ ಅದೇನು ದೊಡ್ಡ ಮಾತಲ್ಲ. ಆದರೆ ಇದು ತಮ್ಮ ಊರಲ್ಲ, ತಮ್ಮ ರಾಜ್ಯವೂ ಅಲ್ಲ. ಪುಟ್ಟಿಯ ದೊಡ್ಡಮ್ಮನ ಮನೆ. ಹಿಂದಿನ ದಿನ ಒಂಬತ್ತು ಗಂಟೆ ಕಾಲ ರೈಲಿನಲ್ಲಿ ಕೂತು, ಗಡಿ ದಾಟಿ, ಸಂಜೆ ಬಂದಿಳಿದಿದ್ದರು.

ಪುಟ್ಟಿಯ ಅಪ್ಪ ತಮ್ಮೂರಿನ ಸರ್ಕಾರಿ ಆಸ್ಪತ್ರೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಹಿರಿಯ ಗುಮಾಸ್ತ. ಆಫೀಸಿನವರೆಲ್ಲ ಅವನನ್ನು ಅಚ್ಚುಕಟ್ಟಯ್ಯ ಎಂದು ಕರೆಯುತ್ತಿದ್ದರು. ಅವರು ಯಾವ ಅರ್ಥದಲ್ಲಿ ಕರೆದರೂ ಅವನು ಅದನ್ನು ಹೊಗಳಿಕೆಯೆಂದೇ ತಿಳಿದಿದ್ದ. ಅವನ ಮೇಜಿನ ಮೇಲೆ ಪೆನ್ಸಿಲು ಕೂಡ ಗೋಡೆಗೆ ನೇರವಾಗಿ ಮಲಗಬೇಕು. ತುದಿ ಮಡಿಸಿದ ಅರ್ಜಿಯನ್ನು ಅವನು ಸತ್ತ ಇಲಿಯನ್ನು ಹಿಡಿದ ಹಾಗೆ ಎರಡು ಬೆರಳಲ್ಲಿ ಎತ್ತಿ ವಾಪಸು ಕೊಡುತ್ತಿದ್ದ.

ಕಿವಿನೋವಿಗೆ ಕಾರಣವೂ ಅವನ ಅಚ್ಚುಕಟ್ಟೇ. ರೈಲಿನಲ್ಲಿ ಪುಟ್ಟಿ ದಾರಿಯುದ್ದಕ್ಕೂ ಕಿಟಕಿಗೆ ತಲೆಯಿಟ್ಟು ಕೂತಿದ್ದಳು. ಗಾಳಿ ಚಾಟಿಯ ಹಾಗೆ ಬೀಸುತ್ತಿತ್ತು. ಕಿಟಕಿ ಮುಚ್ಚಿ ಎಂದು ಹೆಂಡತಿ ಮೂರು ಸಲ ಹೇಳಿದಳು. ಅಚ್ಚುಕಟ್ಟಯ್ಯ ಎದ್ದು, ಡಬ್ಬಿಯ ಗೋಡೆಯ ಮೇಲೆ ಬರೆದಿದ್ದ ಸೂಚನೆಗಳನ್ನು ಒಂದರಿಂದ ಹದಿನಾಲ್ಕರ ತನಕ ಓದಿ, ಕಿಟಕಿ ತೆರೆಯುವ ಮುಚ್ಚುವ ಹಕ್ಕು ಕಿಟಕಿ ಪಕ್ಕದ ಪ್ರಯಾಣಿಕರದ್ದು ಎಂದು ತೀರ್ಪು ಕೊಟ್ಟ. ಟಿಕೀಟಿನ ಪ್ರಕಾರ ಆ ಪ್ರಯಾಣಿಕರು ಪುಟ್ಟಿ. ಪುಟ್ಟಿಗೆ ಆರು ವರ್ಷ. ಅವಳು ಬೇಡ ಅಂದಳು. ಕಿಟಕಿ ತೆರೆದೇ ಇತ್ತು.

"ನಿಮ್ಮ ಸೂಚನೆ ಈಗ ಕಿವಿಯೊಳಗೆ ಹೋಗಿ ಕೂತಿದೆ. ಓದ್ಕೊಳ್ಳಿ," ಅಂದಳು ಹೆಂಡತಿ. ಅದರ ಮೇಲೆ ಅವಳು ಗಂಡನ ಹತ್ತಿರ ಮಾತಾಡಲಿಲ್ಲ.

ಅಳು ಕೇಳಿ ಮೊದಲು ಬಂದವರು ಮೇಲಿನ ಮನೆಯ ನಿವೃತ್ತ ಪೋಸ್ಟ್‌ಮಾಸ್ತರರು. ಯಾರ ಮನೆಯಲ್ಲಿ ಲೋಟ ಬಿದ್ದರೂ ಬಂದು ಯಾವ ಲೋಟ ಎಂದು ವಿಚಾರಿಸುವ ಜಾತಿ. ಬಂದವರೇ ಬಿಸಿ ಉಪ್ಪಿನ ಶಾಖ ಕೊಡಿ ಎಂದರು. ಪುಟ್ಟಿಯ ದೊಡ್ಡಪ್ಪ, ಅಂದರೆ ಅಚ್ಚುಕಟ್ಟಯ್ಯನ ಷಡ್ಡಕ, ಕಿವಿಗೆ ಶಾಖ ಕೂಡದು ಎಂದ. ಇಬ್ಬರೂ ಅರ್ಧ ಗಂಟೆ ವಾದ ಮಾಡಿದರು. ಆ ಅರ್ಧ ಗಂಟೆ ಪುಟ್ಟಿಯನ್ನು ಸುಮ್ಮನಿರಿಸಿದ್ದು ಒಂದೇ ವಸ್ತು: ಅಪ್ಪನ ಬೀಗದ ಕೈಗೊಂಚಲು. ಅದನ್ನು ಅವನು ಯಾವಾಗಲೂ ಸೊಂಟಕ್ಕೆ ಸಿಕ್ಕಿಸಿಕೊಂಡೇ ಇರುತ್ತಿದ್ದ. ಒಟ್ಟು ಹನ್ನೊಂದು ಕೈ, ಅವುಗಳಲ್ಲಿ ಒಂದು ಹತ್ತು ವರ್ಷದ ಕೆಳಗೆ ಮಾರಿದ ಸೈಕಲ್ಲಿನದು. ಅದನ್ನು ಎಡಗಿವಿಯ ಹತ್ತಿರ ಗಲಗಲ ಆಡಿಸಿಕೊಂಡರೆ ಬಲಗಿವಿಯ ನೋವು ಕೇಳಿಸುವುದಿಲ್ಲ ಎಂದು ಪುಟ್ಟಿ ತಾನೇ ಕಂಡುಕೊಂಡಿದ್ದಳು.

ಬೀದಿ ಕೊನೆಯ ಡಾಕ್ಟರು ಬಾಗಿಲು ತೆಗೆಯುವುದು ಒಂಬತ್ತಕ್ಕೆ. ತಲೆ ಬೆಳ್ಳಗಾದ ಮನುಷ್ಯ. ಬ್ಯಾಟರಿ ಹಾಕಿ ನೋಡಿ, ಜ್ವರಕ್ಕೆ ಒಂದು ಚಮಚ ಔಷಧಿ ಕುಡಿಸಿ, ಮುಖ ಗಂಭೀರ ಮಾಡಿಕೊಂಡರು.

"ಒಳಗೆ ಪೂರಾ ಊದಿದೆ. ನನ್ನ ಕೈಲಾಗೋ ಕೆಲಸ ಅಲ್ಲ. ಇವತ್ತೇ ದೊಡ್ಡಾಸ್ಪತ್ರೆಗೆ ಹೋಗಿ ಕಿವಿ ಡಾಕ್ಟರಿಗೆ ತೋರಿಸಿ. ಅವರು ಒಂದು ಗಂಟೆಗೆ ಎದ್ದುಬಿಡ್ತಾರೆ, ಮತ್ತೆ ಗುರುವಾರವೇ ಬರೋದು. ಅಲ್ಲೀ ತನಕ ಬಿಟ್ರೆ ಕಿವಿ ಪರದೆ ಒಡೆದೀತು."

ಪರದೆ ಎಂದೊಡನೆ ಅಚ್ಚುಕಟ್ಟಯ್ಯ ಎದ್ದು ನಿಂತ. ಪುಟ್ಟಿಯನ್ನು ಹೆಗಲಿಗೆ ಹಾಕಿಕೊಂಡು ಹೊರಟ. ಹಿಂದೆ ಹೆಂಡತಿ, ಅವಳ ಹಿಂದೆ ಷಡ್ಡಕ. ಕರೆಯದೇ ಬಂದ ಪೋಸ್ಟ್‌ಮಾಸ್ತರರು ಎಲ್ಲರಿಗಿಂತ ಮುಂದೆ.

ದೊಡ್ಡಾಸ್ಪತ್ರೆಯ ಹಜಾರದಲ್ಲಿ ಆರು ಕಿಟಕಿ. ಹೆಸರು ಬರೆಸುವುದು ನಾಲ್ಕನೆಯದರಲ್ಲಿ. ಸಾಲು ಬಾಗಿಲು ದಾಟಿ ಮೆಟ್ಟಿಲಿಗೆ ಇಳಿದಿತ್ತು. ಹಜಾರದ ಆ ತುದಿಯಲ್ಲೇ ಕಿವಿ ಡಾಕ್ಟರ ಕೋಣೆ. ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಒಬ್ಬ ಜವಾನ ಕೂತು ಚೀಟಿ ನೋಡಿ ಒಳಗೆ ಬಿಡುತ್ತಿದ್ದ.

"ಸೀದಾ ಹೋಗಿ ಕೇಳೋಣ ರೀ," ಅಂದಳು ಹೆಂಡತಿ. ಬೆಳಗಿನ ಆ ಸಿಟ್ಟಿನ ಮಾತಾದ ಮೇಲೆ ಅವಳು ಗಂಡನ ಹತ್ತಿರ ಆಡಿದ ಮೊದಲ ಮಾತು.

"ಚೀಟಿ ಇಲ್ದೆ ಹೋಗೋದು ಅಂದ್ರೆ ಏನು? ನಾವೇ ಹೀಗ್ಮಾಡಿದ್ರೆ ಬೇರೆಯವರಿಗೇನು ಹೇಳೋದು?"

ಅವಳು ಬೇರೆಯವರಿಗೆ ಏನೂ ಹೇಳಬೇಕಾಗಿರಲಿಲ್ಲ. ಆದರೂ ಸಾಲಿನಲ್ಲಿ ನಿಂತಳು.

ಒಂದೂಮುಕ್ಕಾಲು ಗಂಟೆ ನಿಂತ ಮೇಲೆ ಕಿಟಕಿ ಸಿಕ್ಕಿತು. ಒಳಗಿನ ಗುಮಾಸ್ತನನ್ನು ನೋಡಿ ಅಚ್ಚುಕಟ್ಟಯ್ಯನಿಗೆ ಸಂತೋಷವೇ ಆಯಿತು. ಕನ್ನಡಕ ಹಣೆಯ ಮೇಲೆ. ಪೆನ್ಸಿಲು ಗೋಡೆಗೆ ನೇರ. ಮೊಹರಿನ ಪಕ್ಕದಲ್ಲಿ ಶಾಯಿಯ ದಿಂಡು, ದಿಂಡಿನ ಪಕ್ಕದಲ್ಲಿ ಅದನ್ನು ಒರೆಸುವ ಬಟ್ಟೆ, ನಾಲ್ಕು ಮಡಿಕೆ. ಕನ್ನಡಿಯ ಮುಂದೆ ನಿಂತ ಹಾಗಿತ್ತು. ಇಂಥವನ ಕೈಯಲ್ಲಿ ಕೆಲಸ ಕೆಡುವುದಿಲ್ಲ ಅಂದುಕೊಂಡ.

ನಾಲ್ಕನೇ ಕಿಟಕಿಯವನು ನಮೂನೆಯನ್ನು ಬರೆಯುತ್ತ ಬಂದು, ವಿಳಾಸದ ಹತ್ತಿರ ನಿಂತ. ಪೆನ್ನಿನ ಮುಚ್ಚಳ ಹಾಕಿದ. ಆ ಮುಚ್ಚಳದ ಸದ್ದಿನ ಅರ್ಥ ಅಚ್ಚುಕಟ್ಟಯ್ಯನಿಗೆ ಗೊತ್ತಿತ್ತು.

"ಹೊರರಾಜ್ಯದೋರು. ಹಾಗಾದ್ರೆ ನಿಮ್ಮೂರ ಸರ್ಕಾರಿ ಆಸ್ಪತ್ರೆಯಿಂದ ಪತ್ರ ಬೇಕು. ಮಗು ಹೆಸರು ಅಲ್ಲಿ ದಾಖಲಾಗಿದೆ ಅಂತ. ಡಾಕ್ಟರ ಸಹಿ, ದುಂಡು ಮೊಹರು. ಫೋನಿನಲ್ಲಿ ಫೋಟೋ ತರಿಸಿದ್ರೂ ನಡೆಯುತ್ತೆ. ಮೊಹರು ಮಾತ್ರ ಪೂರಾ ಕಾಣ್ಬೇಕು."

"ಸ್ವಾಮಿ, ಮಗು ಜ್ವರದಲ್ಲಿ ಬೇಯ್ತಾ ಇದೆ. ಜ್ವರಕ್ಕೆ ಗಡಿ ಗೊತ್ತಾ?"

"ಜ್ವರಕ್ಕೆ ಗೊತ್ತಿಲ್ದೆ ಇರಬಹುದು. ನಮೂನೆಗೆ ಗೊತ್ತು."

ಅಚ್ಚುಕಟ್ಟಯ್ಯ ತನ್ನ ಆಫೀಸಿನ ಗುರುತಿನ ಚೀಟಿ ತೆಗೆದು ಕಿಟಕಿಯೊಳಗೆ ನೂಕಿದ. ತಾನೂ ಆಸ್ಪತ್ರೆಯ ಗುಮಾಸ್ತ, ಇದೇ ಕುರ್ಚಿಯಲ್ಲಿ ಇಪ್ಪತ್ತೆರಡು ವರ್ಷ ಕೂತವನು ಎಂದ. ಅವನು ಚೀಟಿಯನ್ನು ಎರಡೂ ಕಡೆ ತಿರುಗಿಸಿ ನೋಡಿದ.

"ಹಾಗಾದ್ರೆ ನಿಯಮ ನನಗಿಂತ ನಿಮಗೇ ಚೆನ್ನಾಗಿ ಗೊತ್ತಿರಬೇಕಲ್ಲ. ಮುಂದಿನೋರು ಬನ್ನಿ."

ಅಚ್ಚುಕಟ್ಟಯ್ಯನ ಮೈಯೆಲ್ಲ ಉರಿಯಿತು. ಕಿವಿ ಡಾಕ್ಟರು ಇಲ್ಲಿದ್ದಾರೆ, ಕಿವಿ ಇಲ್ಲಿದೆ, ನಡುವೆ ನಲವತ್ತು ಹೆಜ್ಜೆ ನೆಲ. ಆ ನಲವತ್ತು ಹೆಜ್ಜೆ ನಡೆಯುವುದಕ್ಕೆ ಒಂಬತ್ತು ಗಂಟೆ ದೂರದ ಊರಿನಿಂದ ಒಂದು ದುಂಡು ಗುರುತು ಬರಬೇಕು. ಇಂಥವರಿಗೆ ಮಕ್ಕಳು ಮರಿ ಇಲ್ಲವೇ, ಇವರ ಎದೆಯಲ್ಲಿರುವುದು ಹೃದಯವೋ ಶಾಯಿಯ ದಿಂಡೋ ಎಂದು ಸಾಲಿನಲ್ಲಿದ್ದವರಿಗೆಲ್ಲ ಕೇಳುವ ಹಾಗೆ ಹೇಳಿದ. ಒಂದು ಮಳೆಗಾಲದಲ್ಲಿ, ಕೆಮ್ಮಿ ಕೆಮ್ಮಿ ನೀಲಿಯಾಗಿದ್ದ ಕೂಸನ್ನು ಎತ್ತಿಕೊಂಡು ಬಂದ ತಾಯಿಯೊಬ್ಬಳನ್ನು, ಅರ್ಜಿ ಒದ್ದೆಯಾಗಿದೆ, ಬೇರೆ ಬರೆದುಕೊಂಡು ಬಾ ಎಂದು ತಾನೇ ಮೂರು ಸಲ ತಿರುಗಿಸಿದ್ದು ಆಗ ಅವನಿಗೆ ನೆನಪಾಗಲಿಲ್ಲ. ಆ ತಾಯಿಗೆ ನೆನಪಿರಬಹುದು.

ಪೋಸ್ಟ್‌ಮಾಸ್ತರರು ಅವನ ತೋಳು ಹಿಡಿದು ಕಂಬದ ಮರೆಗೆ ಎಳೆದುಕೊಂಡು ಹೋದರು. ನನ್ನ ಮೂವತ್ತೈದು ವರ್ಷದ ಸೇವೆಯಲ್ಲಿ ವಿಳಾಸ ತಪ್ಪಿದ ಎಷ್ಟೋ ಕಾಗದಗಳನ್ನು ಮುಟ್ಟಿಸಿದ್ದೇನೆ, ಇದೇನು ಮಹಾ ಎಂದರು. ಉಪಾಯ ಸುಲಭ. ದೊಡ್ಡಪ್ಪ ಇದೇ ಊರಿನವನು. ಮಗುವನ್ನು ತನ್ನದೇ ಎಂದು ಹೇಳಿ ಅವನು ಎರಡನೇ ಕಿಟಕಿಯಲ್ಲಿ ಬರೆಸಲಿ. ಅಲ್ಲಿ ಸಾಲೂ ಕಡಿಮೆ.

ಅಚ್ಚುಕಟ್ಟಯ್ಯ ಹುಟ್ಟಿದಾಗಿನಿಂದ ಸುಳ್ಳು ನಮೂನೆ ತುಂಬಿದವನಲ್ಲ. ಬೆವರಿದ. ಗೋಡೆಯ ಗಡಿಯಾರ ನೋಡಿದ. ಹನ್ನೆರಡಕ್ಕೆ ಹತ್ತು ನಿಮಿಷ. ಮಗುವನ್ನು ಷಡ್ಡಕನ ಹೆಗಲಿಗೆ ಹಾಕಿ ತಾನು ಕಂಬದ ಹಿಂದೆ ನಿಂತ.

ಎರಡನೇ ಕಿಟಕಿಯಲ್ಲಿದ್ದವಳು ನಗುಮುಖದ ಹುಡುಗಿ. ಎಲ್ಲ ಬರೆದುಕೊಂಡು ಮುಗಿಸಿ, ಮಗು ಅಳುತ್ತಿದೆಯಲ್ಲಾ ಎಂದು ಪ್ರೀತಿಯಿಂದಲೇ ಮಾತಾಡಿಸಿದಳು.

"ಅಳಬಾರದು ಬಂಗಾರಿ. ಅಪ್ಪ ಎತ್ಕೊಂಡಿದಾರಲ್ಲ?"

"ಇವರು ದೊಡ್ಡಪ್ಪ," ಅಂದಳು ಪುಟ್ಟಿ. ಸುಳ್ಳು ಹೇಳಬಾರದೆಂದು ಅವಳಿಗೆ ಹೇಳಿಕೊಟ್ಟವನು ಅಚ್ಚುಕಟ್ಟಯ್ಯನೇ. "ಅಪ್ಪ ಅಲ್ಲಿ ಕಂಬದ ಹಿಂದೆ ಬಚ್ಚಿಟ್ಕೊಂಡಿದಾರೆ."

ಹಜಾರದಲ್ಲಿದ್ದವರೆಲ್ಲ ಕಂಬದ ಕಡೆ ತಿರುಗಿದರು. ಕಂಬ ತೆಳ್ಳಗಿತ್ತು, ಅಚ್ಚುಕಟ್ಟಯ್ಯ ಅಷ್ಟು ತೆಳ್ಳಗಿರಲಿಲ್ಲ.

ಆಮೇಲಿನದು ಬೇಗ ಬೇಗ ನಡೆಯಿತು. ನಾಲ್ಕನೇ ಕಿಟಕಿಯವನು ಎದ್ದು ಬಂದ. ನಮೂನೆಯ ಮೇಲೆ ಕೆಂಪು ಶಾಯಿಯಲ್ಲಿ 'ಸುಳ್ಳು ಮಾಹಿತಿ' ಎಂದು ಬರೆದು, ಕೆಳಗೆ ಎರಡು ಗೆರೆ ಎಳೆದ. ಗೆರೆ ಎಷ್ಟು ನೇರವಾಗಿತ್ತೆಂದರೆ ಆ ಸಂಕಟದಲ್ಲೂ ಅಚ್ಚುಕಟ್ಟಯ್ಯನ ಕಣ್ಣು ಅದರ ಮೇಲೆ ಒಂದು ಗಳಿಗೆ ನಿಂತಿತು. ಗುರುತಿನ ಚೀಟಿಯನ್ನು ಆ ನಮೂನೆಗೆ ಗುಂಡುಸೂಜಿಯಿಂದ ಚುಚ್ಚಿ, ಪತ್ರ ಬರುವ ತನಕ ಇದು ನನ್ನ ಕಪಾಟಿನಲ್ಲೇ ಇರುತ್ತದೆ ಎಂದು ಹೇಳಿ ಎಲ್ಲರನ್ನೂ ಮೇಲ್ವಿಚಾರಕಿಯ ಕೋಣೆಗೆ ಕಳಿಸಿದ.

ಮೇಲ್ವಿಚಾರಕಿ ಒಳ್ಳೆಯ ಹೆಂಗಸು. ಕುರ್ಚಿ ಕೊಟ್ಟಳು, ಮಗುವಿಗೆ ನೀರು ತರಿಸಿದಳು. ಬೈಯಲಿಲ್ಲ. "ನೋಡಿ ಅಣ್ಣ, ಜಗಳದಲ್ಲಿ ಹೊತ್ತು ಕಳೀಬೇಡಿ. ನಿಮ್ಮ ಆಫೀಸಿಗೇ ಫೋನ್ ಮಾಡಿ. ಒಂದು ಪತ್ರ ಎಷ್ಟು ಹೊತ್ತಿನ ಕೆಲಸ? ಫೋಟೋ ಬಂದ ಕ್ಷಣ ನಾನೇ ಒಳಗೆ ಕಳಿಸ್ತೀನಿ."

ಅಚ್ಚುಕಟ್ಟಯ್ಯನಿಗೆ ಎದೆ ಹಗುರಾಯಿತು. ತನ್ನ ಆಫೀಸು, ತನ್ನ ಕೈಕೆಳಗಿನ ಎರಡನೇ ಗುಮಾಸ್ತ. ಇಲ್ಲಿಯವರಿಗೆ ಕೆಲಸ ಅಂದರೆ ಏನೆಂದು ತೋರಿಸುತ್ತೇನೆ ಅಂದುಕೊಂಡು, ಎಲ್ಲರಿಗೂ ಕೇಳಲೆಂದು ಫೋನಿನ ದನಿ ಜೋರು ಮಾಡಿ ಮೇಜಿನ ಮೇಲಿಟ್ಟ. ಎರಡನೇ ಗುಮಾಸ್ತ ಅಯ್ಯೋ ಪಾಪ ಎಂದು ಓಡಿದ. ಕಡತ ಹುಡುಕಿ, ಪತ್ರ ಬರೆದು, ಡಾಕ್ಟರ ಸಹಿ ಹಾಕಿಸಿಕೊಂಡು ಒಂಬತ್ತೇ ನಿಮಿಷದಲ್ಲಿ ವಾಪಸು ಫೋನ್ ಮಾಡಿದ. ಅಚ್ಚುಕಟ್ಟಯ್ಯ ಮೇಲ್ವಿಚಾರಕಿಯ ಕಡೆ ನೋಡಿ ಕತ್ತು ನೆಟ್ಟಗೆ ಮಾಡಿದ.

"ಎಲ್ಲಾ ಆಯ್ತು ಸಾರ್. ಮೊಹರೊಂದು ಬಾಕಿ."

"ಹಾಕ್ರಿ ಮತ್ತೆ."

"ಮೊಹರು ಬೀರುವಿನಲ್ಲಿದೆ ಸಾರ್."

"ಬೀರು ತೆಗೀರಿ."

"ಬೀಗ ಹಾಕಿದೆ ಸಾರ್."

"ಬೀಗದ ಕೈ ಯಾವ ಮಹಾನುಭಾವನ ಹತ್ರ ಇದೆ? ಒಂದು ಮಗು ಸಾಯ್ತಾ ಬಿದ್ದಿರುವಾಗ ಮೊಹರನ್ನ ಬೀಗ ಹಾಕಿಟ್ಕೊಂಡು ಹೋಗಿರೋನು ಮನುಷ್ಯನೋ ಮೃಗವೋ? ಯಾರ್ರೀ ಅವನು? ಹೆಸರು ಹೇಳಿ, ಅವನ ಕೆಲಸ ತೆಗೆಸ್ತೀನಿ."

ಕೋಣೆಯಲ್ಲಿ ಒಂದೇ ಸದ್ದು. ಪುಟ್ಟಿ ಅಮ್ಮನ ಮಡಿಲಲ್ಲಿ ಮಲಗಿ ಕೈಗೊಂಚಲನ್ನು ಎಡಗಿವಿಯ ಹತ್ತಿರ ಗಲಗಲ ಆಡಿಸುತ್ತಿದ್ದಳು. ಮೊದಲು ಹೆಂಡತಿ ಅದರ ಕಡೆ ನೋಡಿದಳು. ಆಮೇಲೆ ಷಡ್ಡಕ. ಆಮೇಲೆ ಪೋಸ್ಟ್‌ಮಾಸ್ತರರು. ಮೇಲ್ವಿಚಾರಕಿ ಎಲ್ಲರನ್ನೂ ನೋಡಿ, ಅವರು ನೋಡುತ್ತಿದ್ದುದನ್ನು ನೋಡಿದಳು.

"ಹೆಸರು ಹೇಳ್ಬೇಕಾ ಸಾರ್?" ಅಂತು ಫೋನು.

ಅಚ್ಚುಕಟ್ಟಯ್ಯ ದನಿ ಕಡಿಮೆ ಮಾಡಿದ, ಫೋನಿನದನ್ನೂ ತನ್ನದನ್ನೂ. ಬೀಗ ಒಡೆಯಿರಿ ಎಂದ. ಎರಡನೇ ಗುಮಾಸ್ತ ಹಿಂಜರಿದ. ಬೀರುವಿನ ಬಾಗಿಲ ಮೇಲೆ ಸಾರ್ ಅವರೇ ಅಂಟಿಸಿದ ಸೂಚನೆ ಇದೆ, ಹಿರಿಯ ಗುಮಾಸ್ತರ ಲಿಖಿತ ಅಪ್ಪಣೆಯಿಲ್ಲದೆ ಇದನ್ನು ಯಾರೂ ಮುಟ್ಟತಕ್ಕದ್ದಲ್ಲ. ಹೋದ ವರ್ಷ ದೊಡ್ಡ ಡಾಕ್ಟರು ಮುಟ್ಟಿದ್ದಕ್ಕೆ ಅವರ ಮೇಲೇ ಸಾರ್ ಬರೆದು ಹಾಕಿದ್ದರು. ಅಚ್ಚುಕಟ್ಟಯ್ಯ ಮೇಲ್ವಿಚಾರಕಿಯ ಹತ್ತಿರ ಹಾಳೆ ಬೇಡಿ, ಅಪ್ಪಣೆ ಬರೆದು, ಸಹಿ ಮಾಡಿ, ಫೋಟೋ ತೆಗೆದು ಕಳಿಸಿದ. ಐದು ನಿಮಿಷ ಬಿಟ್ಟು ಫೋನು ಬಂತು.

"ಅಪ್ಪಣೆ ಬಂತು ಸಾರ್. ಆದ್ರೆ ಸೂಚನೆಯ ಎರಡನೇ ಸಾಲು ನೆನಪಿದೆಯಾ ಸಾರ್?"

ನೆನಪಿತ್ತು. ಮೊಹರಿಲ್ಲದ ಅಪ್ಪಣೆ ಅಪ್ಪಣೆಯಲ್ಲ ಎಂದು ಬರೆದು, ಕೆಳಗೆ ಎರಡು ನೇರ ಗೆರೆ ಎಳೆದವನು ಅವನೇ.

ಪೋಸ್ಟ್‌ಮಾಸ್ತರರು, ಹಾಗಾದರೆ ಮೊಹರು ತೆಗೆಯುವುದಕ್ಕೆ ಮೊಹರು ಬೇಕು ಎಂದಾಯಿತು ಎಂದರು. ಷಡ್ಡಕ, ಹಾಗಲ್ಲ, ಮೊಹರು ಹಾಕುವುದಕ್ಕೆ ಅದನ್ನು ಮೊದಲು ತೆಗೆಯಬೇಕು ಎಂದ. ಇಬ್ಬರೂ ಉಪ್ಪಿನ ಶಾಖದ ಹಾಗೆ ಇದಕ್ಕೂ ವಾದಕ್ಕೆ ನಿಂತರು. ಅಚ್ಚುಕಟ್ಟಯ್ಯ ಕುರ್ಚಿಯಲ್ಲಿ ಕುಸಿದು ಕೂತ. ಮಗಳ ಕಿವಿ ಕೆಟ್ಟರೆ ಅದನ್ನು ಕೆಡಿಸಿದ್ದು ಗಾಳಿಯಲ್ಲ, ತನ್ನ ಸೊಂಟದ ಕಬ್ಬಿಣ ಎಂದು ಅವನಿಗೆ ಹೊಳೆಯಿತು. ಗಡಿಯಾರ ನೋಡಿದ. ಒಂದಕ್ಕೆ ಹತ್ತು ನಿಮಿಷ. ಪುಟ್ಟಿಯ ಮುಖ ಒಂದು ಸಲ ನೋಡೋಣವೆಂದು ತಿರುಗಿದರೆ ಪುಟ್ಟಿ ಇಲ್ಲ. ಹೆಂಡತಿಯೂ ಇಲ್ಲ.

ಮೂವರೂ ಹಜಾರಕ್ಕೆ ಓಡಿದರು. ಕಿವಿ ಡಾಕ್ಟರ ಬಾಗಿಲಲ್ಲಿ ಸ್ಟೂಲು ಖಾಲಿ. ಜವಾನ ಊಟಕ್ಕೆ ಹೋಗಿದ್ದ. ಅವರು ಹತ್ತಿರ ಹೋಗುವುದಕ್ಕೂ ಬಾಗಿಲು ತೆರೆಯುವುದಕ್ಕೂ ಸರಿಹೋಯಿತು. ಹೆಂಡತಿ ಹೊರಗೆ ಬಂದಳು. ಒಂದು ಕೈಯಲ್ಲಿ ಕಿವಿಗೆ ಹಾಕುವ ಹನಿಯ ಬಾಟಲಿ, ಇನ್ನೊಂದರಲ್ಲಿ ಮಾತ್ರೆಯ ಪೊಟ್ಟಣ. ಹೆಗಲ ಮೇಲೆ ಪುಟ್ಟಿ, ಬಲಗಿವಿಗೆ ಹತ್ತಿ, ಕಣ್ಣು ಅರೆ ಮುಚ್ಚಿತ್ತು. ಅಳು ನಿಂತಿತ್ತು.

ಪರದೆ ಒಡೆದಿಲ್ಲವಂತೆ. ಕೀವು ತೆಗೆದು ಔಷಧಿ ಹಾಕಿದ್ದಾರೆ, ನಾಳೆಗೆ ಜ್ವರ ಇಳಿಯುತ್ತದೆ, ಬುಧವಾರ ಬೇಕಾದರೆ ಊರಿಗೆ ಹೊರಡಬಹುದು ಅಂದರಂತೆ. ಹತ್ತು ದಿನ ಹನಿ ಬಿಡಬೇಕು, ತಲೆಗೆ ನೀರು ಹಾಕಬಾರದು.

ಅಚ್ಚುಕಟ್ಟಯ್ಯ ಮಗಳ ಬೆನ್ನು ಸವರಿದ. ಕಣ್ಣಲ್ಲಿ ನೀರು ಬಂದಿತ್ತು. ಆದರೂ ತಡೆಯಲಾರದೆ ಕೇಳಿದ.

"ಡಾಕ್ಟರು ಏನೂ ಕೇಳ್ಲಿಲ್ವಾ?"

"ಕೇಳಿದ್ರು."

"ಏನು ಕೇಳಿದ್ರು?"

"ಯಾವ ಕಿವಿ ಅಂತ."

ನಾಲ್ಕನೇ ಕಿಟಕಿಯವನಿಗೆ ಮಾತ್ರ ಕೆಲಸ ಇನ್ನೂ ಮುಗಿದಿರಲಿಲ್ಲ. ಚೀಟಿಯಿಲ್ಲದೆ ಔಷಧಿ ಪಡೆದದ್ದನ್ನೂ ಕೆಂಪು ಶಾಯಿಯಲ್ಲಿ ಕೆಳಗೆ ಸೇರಿಸಿದ. ಮಗುವಿನ ವಿಷಯ ಮಗುವಿಗೆ, ನಮೂನೆಯ ವಿಷಯ ನಮೂನೆಗೆ, ಪತ್ರ ತಂದು ತೋರಿಸಿ ಗುರುತಿನ ಚೀಟಿ ತಗೊಂಡು ಹೋಗಿ ಎಂದ. ಅಚ್ಚುಕಟ್ಟಯ್ಯ ಬೈದ, ಬೇಡಿದ, ಚೀಟಿ ಮಾತ್ರ ಸಿಗಲಿಲ್ಲ. ಆ ಚೀಟಿಯಿಲ್ಲದೆ ಊರಿಗೆ ಹೋದರೆ ಅವನ ಆಸ್ಪತ್ರೆಯ ಗೇಟಿನವನೇ ಅವನನ್ನು ಒಳಗೆ ಬಿಡುವುದಿಲ್ಲ. ಯಾರೇ ಆಗಲಿ ಬಿಡಕೂಡದೆಂದು ಎರಡು ವರ್ಷದ ಕೆಳಗೆ ಗೇಟಿಗೆ ಸೂಚನೆ ಕೊಟ್ಟಿದ್ದು ಯಾರೆಂದು ಬೇರೆ ಹೇಳಬೇಕಾಗಿಲ್ಲ.

ಬುಧವಾರ ಬೆಳಿಗ್ಗೆ ಹೆಂಡತಿ ಮಗು ರೈಲು ಹತ್ತಿದರು. ಕೈಗೊಂಚಲು ಪುಟ್ಟಿಯ ಕೈಯಲ್ಲೇ ಹೋಯಿತು. ಕಿಟಕಿ ಪಕ್ಕದ ಜಾಗ ಮತ್ತೆ ಪುಟ್ಟಿಯದೇ, ಆದರೆ ಈ ಸಲ ರೈಲು ಅಲುಗುವ ಮೊದಲೇ ಕಿಟಕಿ ಮುಚ್ಚಿತು. ಅಚ್ಚುಕಟ್ಟಯ್ಯ ಹೊರಗಿನಿಂದ ಗಾಜಿನ ಮೇಲೆ ಬೆರಳಿಟ್ಟು ನಿಂತಿದ್ದ.

ಶುಕ್ರವಾರ ಮಧ್ಯಾಹ್ನ ಅವನ ಆಫೀಸಿನಲ್ಲಿ ನಡೆದದ್ದನ್ನು ಎರಡನೇ ಗುಮಾಸ್ತ ಫೋನಿನಲ್ಲಿ ಹೇಳಿದ. ಅಮ್ಮನವರು ಬಂದರು. ನಾನು ಸೂಚನೆ ತೋರಿಸಿದೆ. ಅವರು ಅದನ್ನು ಮೂಲೆಯಿಂದ ಹಿಡಿದು ಕಿತ್ತು, ಎರಡು ಮಡಿಕೆ ಮಾಡಿ ನನ್ನ ಕೈಗೆ ಕೊಟ್ಟು, ಬೀರು ತೆಗೆದರು. ಮೊಹರನ್ನೂ ಅವರೇ ಒತ್ತಿದರು. ಸ್ವಲ್ಪ ಜೋರಾಗೇ ಒತ್ತಿದರು ಸಾರ್.

ಪತ್ರದ ಫೋಟೋ ಅದೇ ಸಂಜೆ ಬಂತು. ಮೊಹರು ಹುಣ್ಣಿಮೆ ಚಂದ್ರನ ಹಾಗೆ ಪೂರಾ ಮೂಡಿತ್ತು. ಪೋಸ್ಟ್‌ಮಾಸ್ತರರು ಅದನ್ನು ಮುದ್ರಿಸಿ ತಂದು, ಮಡಿಸದೆ, ರಟ್ಟಿನ ನಡುವೆ ಇಟ್ಟುಕೊಟ್ಟರು. ಶನಿವಾರ ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲೇ ಅಚ್ಚುಕಟ್ಟಯ್ಯ ಸಾಲಿನ ತಲೆಯಲ್ಲಿ ನಿಂತಿದ್ದ. ಈ ದಿನ ಆ ನಾಲ್ಕನೇ ಕಿಟಕಿಯವನನ್ನು ಮಾತಾಡದ ಹಾಗೆ ಮಾಡುತ್ತೇನೆ ಎಂದು ರಾತ್ರಿಯಿಡೀ ಮಾತು ಜೋಡಿಸಿಟ್ಟುಕೊಂಡಿದ್ದ.

ಐದು ಕಿಟಕಿ ತೆರೆದವು. ನಾಲ್ಕನೆಯದು ತೆರೆಯಲಿಲ್ಲ. ಅದರ ಮೇಲೆ ಒಂದು ಹಾಳೆ ಅಂಟಿಸಿತ್ತು. ಅಕ್ಷರ ಮುತ್ತಿನ ಹಾಗೆ, ಗೆರೆ ನೇರ, ನಾಲ್ಕು ಮೂಲೆಯೂ ಸಮ. ಈ ಕಿಟಕಿಯ ಕಪಾಟನ್ನು ಸಂಬಂಧಪಟ್ಟ ಗುಮಾಸ್ತರ ಲಿಖಿತ ಅಪ್ಪಣೆಯಿಲ್ಲದೆ ಯಾರೂ ಮುಟ್ಟತಕ್ಕದ್ದಲ್ಲ.

ಎರಡನೇ ಕಿಟಕಿಯ ಹುಡುಗಿ ಅವನನ್ನು ಗುರುತು ಹಿಡಿದು ನಕ್ಕಳು. ಅವರಿಗೆ ಹದಿನೈದು ದಿನ ರಜೆ ಎಂದಳು. ಮಕ್ಕಳನ್ನು ಕರೆದುಕೊಂಡು ಪರವೂರಿಗೆ ಹೋಗಿದ್ದಾರೆ.

"ಯಾವೂರಿಗಮ್ಮ?"

"ನಿಮ್ಮೂರಿಗೇ ಅಂಕಲ್. ರೈಲು ಹತ್ತೋ ಹೊತ್ತಿಗೆ ಚಿಕ್ಕ ಮಗುವಿಗೆ ಯಾಕೋ ಮೈ ಬಿಸಿ ಆಗಿತ್ತಂತೆ. ಏನಾದ್ರೂ ಆದ್ರೆ ಅಲ್ಲಿ ದೊಡ್ಡ ಸರ್ಕಾರಿ ಆಸ್ಪತ್ರೆ ಇದೆಯಲ್ಲ ಅಂದ್ರು."

"ಕಪಾಟಿನ ಬೀಗದ ಕೈ?"

"ಅವರ ಸೊಂಟದಲ್ಲೇ ಇರುತ್ತೆ. ಯಾರಿಗೂ ಕೊಡಲ್ಲ."

ಅಚ್ಚುಕಟ್ಟಯ್ಯ ಪತ್ರದ ರಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಎದುರು ಬೆಂಚಿನ ಮೇಲೆ ಕೂತ. ಬಹಳ ಹೊತ್ತು ಕೂತ. ಆಮೇಲೆ ಎರಡನೇ ಗುಮಾಸ್ತನಿಗೆ ಫೋನ್ ಮಾಡಿ, ಹೊರರಾಜ್ಯದಿಂದ ಯಾರಾದರೂ ಜ್ವರದ ಮಗು ಎತ್ತಿಕೊಂಡು ಬಂದರೆ ಪತ್ರ ಗಿತ್ರ ಕೇಳದೆ ಒಳಗೆ ಬಿಡಿ ಎಂದ. ಆ ಕಡೆಯವನು, ಹಾಗಂತ ಲಿಖಿತ ಅಪ್ಪಣೆ ಕಳಿಸುತ್ತೀರಾ ಸಾರ್ ಎಂದು ಕೇಳಿದ.

ಪುಟ್ಟಿ ಮತ್ತು ಅವಳಮ್ಮ ಹೊರಟದ್ದು ಬುಧವಾರ. ನಾಲ್ಕನೇ ಕಿಟಕಿಯವನು ಹೊರಟದ್ದು ಶುಕ್ರವಾರ ಸಂಜೆ. ಅಚ್ಚುಕಟ್ಟಯ್ಯ ಆ ವಾರ ಹೊರಡಲಿಲ್ಲ.